ಬೆಥೂನ್ ಕಾಲೇಜು, ಕೋಲ್ಕತ್ತಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲ್ಕತ್ತಾದ ಬೆಥೂನ್ ಕಾಲೇಜಿನ ಹೆಸರನ್ನು ಕನ್ನಡದ ಓದುಗರಲ್ಲಿ ಅನೇಕರು ಕೇಳಿರುವುದು ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಯ ಪುಸ್ತಕಗಳಲ್ಲಿ, ‘ಭಾರತದ ಮೊದಲ ಮಹಿಳಾ ಕಾಲೇಜು’ ಎಂಬ ಒಂದೇ ಸಾಲಿನಲ್ಲಿ. ಆ ಸಾಲು ತಪ್ಪಲ್ಲ. ಆದರೆ ಅದನ್ನು ಓದಿದವರು ಮುಂದೆ ಕೇಳುವ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಕಾಲೇಜನ್ನು ಕಟ್ಟಿದವರು ಯಾರು, ಸರ್ಕಾರ ಅದರೊಳಕ್ಕೆ ಯಾವಾಗ ಬಂತು, ಅಲ್ಲಿ ಓದಿದವರು ಏನಾದರು, ಯಾರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಳ್ಳಲಾಗಿದೆ.

ಬೆಥೂನ್ ಕಾಲೇಜು ಎಲ್ಲಿದೆ? ಅದು ಯಾರ ಆಡಳಿತದಲ್ಲಿದೆ?

ಉತ್ತರ ಕೋಲ್ಕತ್ತಾದ ಬಿಧಾನ್ ಸರಣಿಯಲ್ಲಿ, ಹೇದುವಾ ಎಂದು ಊರವರು ಕರೆಯುವ ಕೊಳದ ಎದುರಿಗೆ ಇದೆ. ಬಿಧಾನ್ ಸರಣಿಗೆ ಹಿಂದೆ ಕಾರ್ನ್‌ವಾಲಿಸ್ ಬೀದಿ ಎಂಬ ಹೆಸರಿತ್ತು, ಕೊಳದ ಸುತ್ತಲಿನ ಜಾಗಕ್ಕೆ ಕಾರ್ನ್‌ವಾಲಿಸ್ ಚೌಕ ಎಂದು ಹೆಸರಿತ್ತು. ಹಳೆಯ ಬರಹಗಳಲ್ಲಿ ಈ ಹೆಸರುಗಳೇ ಸಿಗುವುದರಿಂದ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕಾಲೇಜು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಪಶ್ಚಿಮ ಬಂಗಾಳ ಸರ್ಕಾರ ಅದನ್ನು ನಡೆಸುತ್ತದೆ. ಅದರ ತಾಯಿಬೇರಾದ ಬೆಥೂನ್ ಕಾಲೇಜಿಯೇಟ್ ಶಾಲೆಯೂ ಇಂದಿಗೂ ನಡೆಯುತ್ತಿದೆ.

ಇದು ಸರ್ಕಾರಿ ಕಾಲೇಜೋ, ಸರ್ಕಾರಿ ಪ್ರಾಯೋಜಿತ ಕಾಲೇಜೋ?

ಇಂದಿನ ಲೆಕ್ಕದಲ್ಲಿ ಇದು ಪೂರ್ಣ ಸರ್ಕಾರಿ ಕಾಲೇಜು. ಪಶ್ಚಿಮ ಬಂಗಾಳದಲ್ಲಿ ಈ ಎರಡು ಪದಗಳಿಗೆ ಬೇರೆ ಬೇರೆ ಅರ್ಥವಿದೆ. ಸರ್ಕಾರಿ ಕಾಲೇಜಿನ ಅಧ್ಯಾಪಕರು ರಾಜ್ಯದ ಶಿಕ್ಷಣ ಸೇವೆಗೆ ಸೇರಿದ ನೌಕರರು. ಒಂದು ಸರ್ಕಾರಿ ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾಗುತ್ತಾರೆ. ಪ್ರಾಯೋಜಿತ ಕಾಲೇಜಿಗೆ ತನ್ನದೇ ಆಡಳಿತ ಮಂಡಳಿ ಇರುತ್ತದೆ, ಅಧ್ಯಾಪಕರ ಆಯ್ಕೆ ಕಾಲೇಜು ಸೇವಾ ಆಯೋಗದ ಶಿಫಾರಸಿನ ಮೇಲೆ ನಡೆಯುತ್ತದೆ, ಸಂಬಳದ ಹಣ ಸರ್ಕಾರದಿಂದ ಬರುತ್ತದೆ. ನಮ್ಮಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ ಅನುದಾನಿತ ಕಾಲೇಜಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಆದರೆ ಇತಿಹಾಸದ ಲೆಕ್ಕ ಬೇರೆ. ಬೆಥೂನ್ ಸಂಸ್ಥೆ ಮೊದಲು ಖಾಸಗಿಯವರ ಹಣದಲ್ಲಿ ಹುಟ್ಟಿ, ಆಮೇಲೆ ಗವರ್ನರ್ ಜನರಲ್ ಒಬ್ಬರ ಸ್ವಂತ ಹಣದಲ್ಲಿ ಉಳಿದು, ಕೊನೆಗೆ ಸರ್ಕಾರದ ಬೊಕ್ಕಸಕ್ಕೆ ಸೇರಿತು. ಸರ್ಕಾರ ಇದನ್ನು ಸ್ಥಾಪಿಸಿತು ಎನ್ನುವುದಕ್ಕಿಂತ, ಬೇರೆಯವರು ಸ್ಥಾಪಿಸಿದ್ದನ್ನು ಬೀಳಗೊಡಲಿಲ್ಲ ಎನ್ನುವುದು ಹೆಚ್ಚು ಸರಿ. ಅದೇನೂ ಸಣ್ಣ ಕೆಲಸವಲ್ಲ. ಆದರೆ ಮೊದಲು ಬಾಗಿಲು ತಟ್ಟಿದವರು ಯಾರು ಎಂಬುದನ್ನು ಮರೆತರೆ ಈ ಕಾಲೇಜಿನ ಕಥೆ ಅರ್ಥವಾಗುವುದಿಲ್ಲ.

ಬೆಥೂನ್ ಎಂದರೆ ಯಾರು? ಹೆಸರನ್ನು ಹೇಗೆ ಉಚ್ಚರಿಸಬೇಕು?

ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ 1801ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದ ಅವರು ವಕೀಲರಾಗಿ, ಸರ್ಕಾರದ ಕಾನೂನು ಕರಡುಗಾರರಾಗಿ ದುಡಿದು, 1848ರಲ್ಲಿ ಗವರ್ನರ್ ಜನರಲ್ ಅವರ ಮಂಡಳಿಯ ಕಾನೂನು ಸದಸ್ಯರಾಗಿ ಕಲ್ಕತ್ತೆಗೆ ಬಂದರು. ಶಿಕ್ಷಣ ಮಂಡಳಿಯ ಅಧ್ಯಕ್ಷತೆಯೂ ಅವರಿಗೇ ಬಂತು. ಸ್ಕಾಟ್ಲೆಂಡಿನ ಮೂಲದ ಈ ಮನೆತನದ ಹೆಸರನ್ನು ಇಂಗ್ಲಿಷರು ‘ಬೀಟನ್’ ಎಂದೇ ಉಚ್ಚರಿಸುತ್ತಾರೆ. ಬಂಗಾಳಿಗಳ ಬಾಯಲ್ಲಿ ಅದು ‘ಬೇಥುನ್’ ಆಗಿ ಒಂದೂ ಮುಕ್ಕಾಲು ಶತಮಾನವಾಯಿತು. ಕನ್ನಡದಲ್ಲಿ ಬೆಥೂನ್ ಎಂದು ಬರೆಯುವುದು ರೂಢಿಯಲ್ಲಿರುವುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಂಡಿದ್ದೇನೆ.

ಬಂಗಾಳಿ ಸಾಹಿತ್ಯವೂ ಈ ಮನುಷ್ಯನಿಗೆ ಒಂದು ಕಾರಣಕ್ಕೆ ಋಣಿ. ಮೈಕೇಲ್ ಮಧುಸೂದನ ದತ್ತರು ಮದರಾಸಿನಲ್ಲಿದ್ದಾಗ ಇಂಗ್ಲಿಷಿನಲ್ಲಿ ಬರೆದ ಕಾವ್ಯವನ್ನು ಓದಿದ ಬೆಥೂನ್, ಈ ಪ್ರತಿಭೆಯನ್ನು ಸ್ವಂತ ಭಾಷೆಗೆ ಕೊಟ್ಟರೆ ಹೆಚ್ಚು ಫಲ ಎಂದು ಸಲಹೆ ಕೊಟ್ಟರು. ಮಧುಸೂದನರು ಮುಂದೆ ಬಂಗಾಳಿಗೆ ಮರಳಿ ಆ ಭಾಷೆಯ ಕಾವ್ಯದ ದಾರಿಯನ್ನೇ ಬದಲಾಯಿಸಿದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಬಂಗಾಳಿಯಲ್ಲೇ ನಡೆಯಬೇಕೆಂದು ಬೆಥೂನ್ ಹಟ ಹಿಡಿದದ್ದಕ್ಕೂ ಈ ಸಲಹೆಗೂ ಮೂಲ ಒಂದೇ ಎಂದು ನನಗೆ ತೋರುತ್ತದೆ.

ಶಾಲೆ ಶುರುವಾದದ್ದು ಹೇಗೆ?

1849ರ ಮೇ 7ರಂದು, ದಕ್ಷಿಣಾರಂಜನ ಮುಖರ್ಜಿಯವರ ಮನೆಯಲ್ಲಿ, 21 ಹುಡುಗಿಯರಿಂದ ಶುರುವಾಯಿತು. ದಕ್ಷಿಣಾರಂಜನರೂ ಅವರ ಜೊತೆಗೆ ನಿಂತ ರಾಮಗೋಪಾಲ ಘೋಷರೂ ಹಿಂದೂ ಕಾಲೇಜಿನಲ್ಲಿ ಸುಧಾರಣಾವಾದಿ ಅಧ್ಯಾಪಕ ಡಿರೋಜಿಯೊ ಅವರ ಪ್ರಭಾವದಲ್ಲಿ ಬೆಳೆದ ತಲೆಮಾರಿನವರು. ದಕ್ಷಿಣಾರಂಜನರು ಮನೆಯನ್ನು ಬಿಟ್ಟುಕೊಟ್ಟದ್ದಲ್ಲದೆ ಶಾಲೆಯ ಕಟ್ಟಡಕ್ಕೆಂದು ಜಮೀನನ್ನೂ ದಾನ ಮಾಡಿದರು. ಆ ಜಮೀನನ್ನು ಸರ್ಕಾರಕ್ಕೆ ಕೊಟ್ಟು ಬದಲಿಗೆ ಪಡೆದುಕೊಂಡದ್ದೇ ಕಾರ್ನ್‌ವಾಲಿಸ್ ಚೌಕದ ಈಗಿನ ಜಾಗ.

ಮೂರನೆಯ ಹೆಸರೊಂದನ್ನು ನಾನು ಇವರಿಗಿಂತ ಮೊದಲು ಹೇಳಬೇಕಿತ್ತೇನೋ. ಸಂಸ್ಕೃತ ಕಾಲೇಜಿನ ಪಂಡಿತರಾದ ಮದನಮೋಹನ ತರ್ಕಾಲಂಕಾರರು ತಮ್ಮ ಇಬ್ಬರು ಹೆಣ್ಣುಮಕ್ಕಳಾದ ಭುವನಮಾಲಾ ಮತ್ತು ಕುಂದಮಾಲಾರನ್ನು ಶಾಲೆಗೆ ಕಳುಹಿಸಿದರು, ಸಂಬಳ ಪಡೆಯದೆ ತಾವೇ ಪಾಠ ಹೇಳಿದರು, ಮಕ್ಕಳಿಗೆ ಓದಲು ಪುಸ್ತಕವಿಲ್ಲವೆಂದು ಬಾಲಬೋಧೆಯೊಂದನ್ನು ಬರೆದುಕೊಟ್ಟರು. ಇದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದು ಸ್ವಂತ ಊರಿನವರ ಬಹಿಷ್ಕಾರ. ಮನೆ ಕೊಟ್ಟವರ ಹೆಸರು, ಹಣ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಮಗಳನ್ನು ಕೊಟ್ಟವರ ಹೆಸರೂ ಹಾಗೆಯೇ ಉಳಿಯಬೇಕು, ಏಕೆಂದರೆ ಆ ದಿನಗಳಲ್ಲಿ ಶಾಲೆಯ ಹೊಸ್ತಿಲು ದಾಟಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಬೆದರಿಕೆ ಬಾಯಿಮಾತಿನದಾಗಿರಲಿಲ್ಲ.

ಶಾಲೆಯ ಮೊದಲ ದಿನಗಳ ಒಂದು ಚಿತ್ರವನ್ನು ಬಂಗಾಳಿಗಳು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ಮದುವೆಯಾಗದ, ಮಕ್ಕಳಿಲ್ಲದ ಕಾನೂನು ಸದಸ್ಯ ಬೆಥೂನ್ ಸಾಹೇಬರು ನೆಲದ ಮೇಲೆ ಮಂಡಿಯೂರಿ, ತರ್ಕಾಲಂಕಾರರ ಪುಟ್ಟ ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಕುದುರೆಯಾಟ ಆಡುತ್ತಿದ್ದರಂತೆ.

ಹಾಗಾದರೆ ಇದು ಭಾರತದ ಮೊದಲ ಹೆಣ್ಣುಮಕ್ಕಳ ಶಾಲೆಯೇ?

ಅಲ್ಲ. ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ ದಂಪತಿ 1848ರಲ್ಲೇ ಹುಡುಗಿಯರ ಶಾಲೆ ತೆರೆದಿದ್ದರು. ಬಂಗಾಳದಲ್ಲೂ ಬಾರಾಸಾತದಲ್ಲಿ ಪ್ಯಾರೀಚರಣ ಸರ್ಕಾರ್ ಮತ್ತು ಅವರ ಗೆಳೆಯರು 1847ರಲ್ಲಿ ಶಾಲೆ ನಡೆಸಿದ್ದರು. ಕ್ರೈಸ್ತ ಮಿಷನರಿಗಳ ಶಾಲೆಗಳು ಅದಕ್ಕೂ ಹಿಂದಿನವು. ಬೆಥೂನ್ ಸಂಸ್ಥೆಗೆ ‘ಮೊದಲ’ ಎಂಬ ವಿಶೇಷಣ ಸಲ್ಲುವುದು ಶಾಲೆಯ ವಿಷಯದಲ್ಲಲ್ಲ, ಕಾಲೇಜಿನ ವಿಷಯದಲ್ಲಿ. ಫುಲೆ ದಂಪತಿಯ ಶಾಲೆ ಜಾತಿಯ ಗೋಡೆಯನ್ನೇ ಒಡೆಯಲು ಹೊರಟಿತ್ತು. ಬೆಥೂನ್ ಶಾಲೆ ಗೌರವಸ್ಥ ಹಿಂದೂ ಮನೆತನಗಳ ಒಳಮನೆಯ ಬಾಗಿಲನ್ನು ತೆರೆಯಿಸಲು ಹೊರಟಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾಗಿಲ್ಲ.

ವಿರೋಧ ಹೇಗಿತ್ತು? ಶಾಲೆಯ ಗಾಡಿಯ ಕಥೆ ಏನು?

ಹೆಂಗಸು ಅಕ್ಷರ ಕಲಿತರೆ ಬೇಗನೆ ವಿಧವೆಯಾಗುತ್ತಾಳೆ ಎಂಬ ನಂಬಿಕೆ ಆಗ ಬಂಗಾಳದಲ್ಲಿ ಬೇರೂರಿತ್ತು. ಹೆಸರಾಂತ ಕವಿ, ಪತ್ರಕರ್ತ ಈಶ್ವರಚಂದ್ರ ಗುಪ್ತರು, ವ್ರತ ನೇಮ ಮಾಡಿಕೊಂಡು ಚೆನ್ನಾಗಿದ್ದ ಹುಡುಗಿಯರನ್ನು ಬೆಥೂನ್ ಒಬ್ಬರೇ ಬಂದು ಕೆಡಿಸಿದರು ಎಂಬ ಅರ್ಥದ ಪದ್ಯ ಕಟ್ಟಿ ಹಂಗಿಸಿದರು. ಶಾಲೆಗೆ ಮಕ್ಕಳನ್ನು ಕಳುಹಿಸಿದ ಮನೆಗಳ ಮೇಲೆ ಜಾತಿಯ ಮುಖಂಡರ ಒತ್ತಡ ಬಿತ್ತು, ಹಾಜರಿ ಒಮ್ಮೆ ಕುಸಿದು ಮತ್ತೆ ನಿಧಾನವಾಗಿ ಏರಿತು. ದೇವೇಂದ್ರನಾಥ ಠಾಕೂರರು 1851ರಲ್ಲಿ ಹಿರಿಯ ಮಗಳು ಸೌದಾಮಿನಿಯನ್ನು ಅಲ್ಲಿಗೆ ಸೇರಿಸಿದ್ದು ಅನೇಕರಿಗೆ ಧೈರ್ಯ ಕೊಟ್ಟಿರಬೇಕು.

ಹುಡುಗಿಯರು ಬೀದಿಯಲ್ಲಿ ನಡೆದು ಬರುವಂತಿರಲಿಲ್ಲವಾದ್ದರಿಂದ ಶಾಲೆಯ ಕುದುರೆಗಾಡಿಯೇ ಮನೆ ಮನೆಗೆ ಹೋಗಿ ಅವರನ್ನು ಕರೆತರುತ್ತಿತ್ತು. ಶಾಲೆಯ ಕಾರ್ಯದರ್ಶಿಯಾಗಿದ್ದ ಈಶ್ವರಚಂದ್ರ ವಿದ್ಯಾಸಾಗರರು ಆ ಗಾಡಿಯ ಪಕ್ಕಕ್ಕೆ ಒಂದು ಸಂಸ್ಕೃತ ಸಾಲನ್ನು ಬರೆಸಿದರು: ‘ಕನ್ಯಾಪ್ಯೇವಂ ಪಾಲನೀಯಾ ಶಿಕ್ಷಣೀಯಾತಿಯತ್ನತಃ’. ಮಗಳನ್ನೂ ಹಾಗೆಯೇ ಪಾಲಿಸಬೇಕು, ಬಹಳ ಯತ್ನದಿಂದ ಶಿಕ್ಷಣ ಕೊಡಬೇಕು ಎಂದು ಅದರ ಅರ್ಥ. ಇದು ಮಹಾನಿರ್ವಾಣ ತಂತ್ರದ ಮಾತು. ಶಾಸ್ತ್ರದಲ್ಲಿ ಎಲ್ಲಿದೆ ಎಂದು ಕೇಳುವವರ ಮನೆಯ ಮುಂದೆಯೇ ಶಾಸ್ತ್ರದ ಸಾಲು ದಿನವೂ ಬಂದು ನಿಲ್ಲುತ್ತಿತ್ತು. ವಿದ್ಯಾಸಾಗರರು ವಿಧವಾ ವಿವಾಹದ ವಾದದಲ್ಲೂ ಹಿಡಿದದ್ದು ಇದೇ ದಾರಿಯನ್ನು: ಎದುರಾಳಿಯ ಗ್ರಂಥದಿಂದಲೇ ಎದುರಾಳಿಗೆ ಉತ್ತರ.

ಸರ್ಕಾರ ಯಾವಾಗ ಇದನ್ನು ವಹಿಸಿಕೊಂಡಿತು?

1856ರಲ್ಲಿ. ಅದಕ್ಕೆ ಮೊದಲಿನ ಏಳು ವರ್ಷಗಳು ಕಷ್ಟದವು. ಕಾರ್ನ್‌ವಾಲಿಸ್ ಚೌಕದ ಕಟ್ಟಡಕ್ಕೆ 1850ರ ನವೆಂಬರ್ 6ರಂದು ಅಡಿಗಲ್ಲು ಹಾಕಿದಾಗ ಅಲ್ಲೊಂದು ಅಶೋಕದ ಸಸಿಯನ್ನೂ ನೆಟ್ಟರು. ಹೆಣ್ಣಿನ ಪಾದ ಸೋಕಿದರೆ ಅಶೋಕ ಹೂಬಿಡುತ್ತದೆ ಎಂಬ ಸಂಸ್ಕೃತ ಕವಿಗಳ ಮಾತನ್ನು ಬಲ್ಲವರಿಗೆ ಆ ಸಸಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡ ಮುಗಿಯುವುದನ್ನು ನೋಡಲು ಬೆಥೂನ್ ಉಳಿಯಲಿಲ್ಲ. ಮಳೆಗಾಲದಲ್ಲಿ ಜನಾಯಿ ಎಂಬ ಹಳ್ಳಿಯ ಶಾಲೆಯನ್ನು ನೋಡಲು ಕೆಸರಿನಲ್ಲಿ ಹೋಗಿ ಬಂದು ಕಾಯಿಲೆ ಬಿದ್ದ ಅವರು 1851ರ ಆಗಸ್ಟ್ 12ರಂದು ತೀರಿಕೊಂಡರು. ಕಲ್ಕತ್ತೆಯಲ್ಲಿದ್ದ ತಮ್ಮ ಆಸ್ತಿಯನ್ನು ಶಾಲೆಗೆ ಬರೆದಿಟ್ಟಿದ್ದರು.

ಆಮೇಲೆ ಶಾಲೆಯ ಖರ್ಚನ್ನು ಹೊತ್ತುಕೊಂಡವರು ಲಾರ್ಡ್ ಡಾಲ್‌ಹೌಸಿ. ರಾಜ್ಯಗಳನ್ನು ಕಸಿದುಕೊಂಡ ಗವರ್ನರ್ ಜನರಲ್ ಎಂದು ನಾವೆಲ್ಲ ಓದಿರುವ ಅದೇ ಡಾಲ್‌ಹೌಸಿ, 1856ರಲ್ಲಿ ದೇಶ ಬಿಡುವ ತನಕ ಸರ್ಕಾರದ ಹಣವನ್ನಲ್ಲ, ತಮ್ಮ ಸ್ವಂತ ಹಣವನ್ನು ಈ ಶಾಲೆಗೆ ಕೊಟ್ಟರು. ಅವರು ಹೊರಟ ಮೇಲೆಯೇ ಸರ್ಕಾರ ಹೊಣೆ ಹೊತ್ತು, ಸೆಸಿಲ್ ಬೀಡನ್ ಅಧ್ಯಕ್ಷತೆಯಲ್ಲಿ, ವಿದ್ಯಾಸಾಗರರ ಕಾರ್ಯದರ್ಶಿತನದಲ್ಲಿ ಒಂದು ಸಮಿತಿಯನ್ನು ನೇಮಿಸಿತು.

ಶಾಲೆ ಕಾಲೇಜಾಗಲು ಮೂವತ್ತು ವರ್ಷ ಏಕೆ ಬೇಕಾಯಿತು?

ಬಾಲ್ಯವಿವಾಹದಿಂದಾಗಿ. ಹುಡುಗಿಗೆ ಒಂಬತ್ತು ಹತ್ತು ವರ್ಷವಾಗುವುದರೊಳಗೆ ಮದುವೆ, ಮದುವೆಯಾದೊಡನೆ ಶಾಲೆಗೆ ಮಂಗಳ. ಹೀಗಾಗಿ ಬೆಥೂನ್ ಶಾಲೆ ಬಹಳ ಕಾಲ ಸಣ್ಣ ತರಗತಿಗಳ ಶಾಲೆಯಾಗಿಯೇ ಉಳಿಯಿತು. ದೊಡ್ಡ ಹುಡುಗಿಯರು ಬಂದದ್ದು ಬೇರೆ ಕಡೆಯಿಂದ. ಬ್ರಾಹ್ಮ ಸಮಾಜದ ದುರ್ಗಾಮೋಹನ ದಾಸ್, ದ್ವಾರಕಾನಾಥ ಗಂಗೂಲಿ, ಆನಂದಮೋಹನ ಬೋಸ್ ಮೊದಲಾದವರು ಹುಡುಗರಿಗೆ ಕಲಿಸುವುದನ್ನೇ ಹುಡುಗಿಯರಿಗೂ ಕಲಿಸಬೇಕೆಂಬ ಹಟದಿಂದ ‘ಬಂಗ ಮಹಿಳಾ ವಿದ್ಯಾಲಯ’ವನ್ನು ನಡೆಸುತ್ತಿದ್ದರು. 1878ರ ಆಗಸ್ಟ್‌ನಲ್ಲಿ ಆ ಶಾಲೆ ಬೆಥೂನ್ ಶಾಲೆಯಲ್ಲಿ ವಿಲೀನವಾಯಿತು. ಅಲ್ಲಿಂದ ಬಂದ ವಿದ್ಯಾರ್ಥಿನಿಯರಲ್ಲಿ ಕಾದಂಬಿನಿ ಬಸು ಒಬ್ಬರು.

ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಪರೀಕ್ಷೆಗೆ ಕೂರಿಸಲು ಒಪ್ಪಿತ್ತು. ಕಾದಂಬಿನಿ ಎಂಟ್ರೆನ್ಸ್ (ಕಾಲೇಜು ಸೇರಲು ಬೇಕಾದ) ಪರೀಕ್ಷೆ ಬರೆದು, ಒಂದೇ ಒಂದು ಅಂಕ ಕಡಿಮೆ ಬಂದದ್ದರಿಂದ ಪ್ರಥಮ ದರ್ಜೆ ತಪ್ಪಿ, ತೇರ್ಗಡೆಯಾದರು. ಮುಂದೆ ಓದುತ್ತೇನೆ ಎಂದರು. ಓದಲು ಕಾಲೇಜಿರಲಿಲ್ಲ. ಸರ್ಕಾರ 1879ರಲ್ಲಿ ಆ ಒಬ್ಬ ವಿದ್ಯಾರ್ಥಿನಿಗಾಗಿ ಬೆಥೂನ್ ಶಾಲೆಯಲ್ಲೇ ಎಫ್.ಎ. (ಫಸ್ಟ್ ಆರ್ಟ್ಸ್, ಬಿ.ಎ.ಗೆ ಮೊದಲಿನ ಎರಡು ವರ್ಷದ) ತರಗತಿಯನ್ನು ತೆರೆದು, ಕಟಕದಿಂದ ಶಶಿಭೂಷಣ ದತ್ತ ಎಂಬ ಎಂ.ಎ. ಪದವೀಧರರನ್ನು ಉಪನ್ಯಾಸಕರಾಗಿ ಕರೆಸಿಕೊಂಡಿತು. ಭಾರತದ ಮೊದಲ ಮಹಿಳಾ ಕಾಲೇಜು ಹೀಗೆ ಒಬ್ಬ ವಿದ್ಯಾರ್ಥಿನಿ, ಒಬ್ಬ ಉಪನ್ಯಾಸಕರಿಂದ ಶುರುವಾಯಿತು. ಹಾಜರಾತಿ ಪುಸ್ತಕದಲ್ಲಿ ಒಂದೇ ಹೆಸರಿದ್ದ ಆ ತರಗತಿಯನ್ನು ಕಣ್ಣ ಮುಂದೆ ತಂದುಕೊಂಡಾಗಲೆಲ್ಲ ನನಗೆ ಕಟ್ಟಡದ ಅಡಿಗಲ್ಲಿಗಿಂತ ಆ ಹಾಜರಾತಿ ಪುಸ್ತಕವೇ ಕಾಲೇಜಿನ ನಿಜವಾದ ಅಡಿಗಲ್ಲು ಎನಿಸುತ್ತದೆ. ಮಕ್ಕಳ ಸಂಖ್ಯೆ ಸಾಲದು ಎಂಬ ಕಾರಣಕ್ಕೆ ಊರ ಶಾಲೆಗಳನ್ನು ಮುಚ್ಚುವ ಚರ್ಚೆ ನಡೆಯುವಾಗಲೂ ಇದನ್ನು ನೆನೆಯುವುದು ಒಳ್ಳೆಯದು.

ಕಾದಂಬಿನಿ, ಚಂದ್ರಮುಖಿ: ಇವರು ಬ್ರಿಟಿಷ್ ಸಾಮ್ರಾಜ್ಯದ ಮೊದಲ ಮಹಿಳಾ ಪದವೀಧರರೇ?

ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು 1883ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದರು, ಇಬ್ಬರೂ ಭಾರತದ ಮೊದಲ ಮಹಿಳಾ ಪದವೀಧರರು. ಇಷ್ಟು ಖಚಿತ. ‘ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಮೊದಲಿಗರು’ ಎಂಬ ಮಾತನ್ನು ಅನೇಕ ಕಡೆ ಬರೆಯುತ್ತಾರೆ, ಆದರೆ ಲಂಡನ್ ವಿಶ್ವವಿದ್ಯಾಲಯ 1880ರಲ್ಲೇ ಹೆಂಗಸರಿಗೆ ಬಿ.ಎ. ಕೊಟ್ಟಿತ್ತಾದ್ದರಿಂದ ಆ ಮಾತು ನಿಲ್ಲುವುದಿಲ್ಲ. ಅದನ್ನು ಕೈಬಿಟ್ಟರೂ ಇವರ ಹೆಚ್ಚುಗಾರಿಕೆಗೆ ಕುಂದಿಲ್ಲ: ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ, ಕೇಂಬ್ರಿಜ್ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ.

ಕಾದಂಬಿನಿ ಅಲ್ಲಿಂದ ಕಲ್ಕತ್ತಾ ಮೆಡಿಕಲ್ ಕಾಲೇಜಿಗೆ ಹೋದರು, ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾದರು, 1886ರಲ್ಲಿ ವೈದ್ಯವೃತ್ತಿಯ ಅರ್ಹತೆ ಪಡೆದರು, ಮುಂದೆ ಬ್ರಿಟನ್ನಿಗೆ ಹೋಗಿ ಇನ್ನೂ ಹೆಚ್ಚಿನ ಅರ್ಹತೆಗಳೊಂದಿಗೆ ಮರಳಿದರು. ಪತ್ರಿಕೆಯೊಂದು ಅವರ ಬಗ್ಗೆ ಹೀನಾಯವಾಗಿ ಬರೆದಾಗ ಸುಮ್ಮನಿರದೆ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದರು. ಚಂದ್ರಮುಖಿ 1884ರಲ್ಲಿ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದಾಗ ವಿದ್ಯಾಸಾಗರರು ಶೇಕ್ಸ್‌ಪಿಯರ್ ಕೃತಿಗಳ ಸಚಿತ್ರ ಸಂಪುಟವನ್ನು ಉಡುಗೊರೆಯಾಗಿ ಕಳುಹಿಸಿದರು. ಅವರು ಬೆಥೂನ್‌ನಲ್ಲೇ ಅಧ್ಯಾಪಕಿಯಾಗಿ, 1888ರಲ್ಲಿ ಕಾಲೇಜು ಶಾಲೆಯಿಂದ ಬೇರೆಯಾದಾಗ ಅದರ ಪ್ರಾಂಶುಪಾಲರಾದರು. ಪದವಿ ಪಡೆದು ಐದೇ ವರ್ಷಕ್ಕೆ ಭಾರತೀಯ ಮಹಿಳೆಯೊಬ್ಬರು ಪದವಿ ಕಾಲೇಜಿನ ಮುಖ್ಯಸ್ಥರಾದರೆಂಬುದನ್ನು ಎಷ್ಟು ಸಲ ಓದಿದರೂ ಹೆಮ್ಮೆಯಾಗುತ್ತದೆ.

ಎಲ್ಲ ಧರ್ಮದ, ಎಲ್ಲ ಜಾತಿಯ ಹುಡುಗಿಯರಿಗೂ ಪ್ರವೇಶವಿತ್ತೇ?

ಇರಲಿಲ್ಲ, ಇದನ್ನು ಮುಚ್ಚಿಡಬಾರದು. ಶಾಲೆ ಹುಟ್ಟಿದ್ದೇ ಗೌರವಸ್ಥ ಹಿಂದೂ ಮನೆತನದ ಹುಡುಗಿಯರಿಗೆ ಎಂಬ ಷರತ್ತಿನ ಮೇಲೆ. ಕ್ರೈಸ್ತ ಮತಬೋಧೆ ಇರುವುದಿಲ್ಲ ಎಂದು ಪೋಷಕರಿಗೆ ಮಾತು ಕೊಡಲಾಗಿತ್ತು. ಆ ಮಾತು ಉಳಿಯಿತು, ಜೊತೆಗೆ ಆ ಬೇಲಿಯೂ ಉಳಿಯಿತು. ಚಂದ್ರಮುಖಿ ಬಸು ಕ್ರೈಸ್ತರಾಗಿದ್ದುದರಿಂದ ಎಫ್.ಎ. ಓದಲು ಬೆಥೂನ್‌ಗೆ ಸೇರಲಾಗದೆ ಮಿಷನರಿ ಕಾಲೇಜಿನಲ್ಲಿ ಓದಬೇಕಾಯಿತು. ಕಾಲೇಜು ವಿಭಾಗದ ನಿಯಮ ಸಡಿಲವಾದ ಮೇಲೆಯೇ ಬಿ.ಎ.ಗೆ ಇಲ್ಲಿಗೆ ಬಂದರು. ಬಾಗಿಲ ಹೊರಗೆ ನಿಂತವರೇ ಕೆಲವು ವರ್ಷಗಳಲ್ಲಿ ಆ ಕಾಲೇಜಿನ ಪ್ರಾಂಶುಪಾಲರಾದರು.

ಮುಸ್ಲಿಂ ಹುಡುಗಿಯರು ಇನ್ನೂ ಹೆಚ್ಚು ಕಾಲ ಕಾಯಬೇಕಾಯಿತು. ಲೇಖಕಿ ಬೇಗಂ ರೋಕೆಯಾ 1911ರಲ್ಲಿ ಕಲ್ಕತ್ತೆಯಲ್ಲಿ ಪ್ರತ್ಯೇಕ ಶಾಲೆ ತೆರೆಯಬೇಕಾಗಿ ಬಂದದ್ದು, 1939ರಲ್ಲಿ ಬಂಗಾಳದ ಪ್ರಧಾನಿ ಫಜಲುಲ್ ಹಕ್ ಅವರ ಸರ್ಕಾರದ ಕಾಲದಲ್ಲಿ ಲೇಡಿ ಬ್ರಾಬೋರ್ನ್ ಕಾಲೇಜು ಹುಟ್ಟಿದ್ದು ಈ ಕೊರತೆಯ ಹಿನ್ನೆಲೆಯಲ್ಲೇ. ಆ ನಡುವೆ ಬೆಥೂನ್‌ನಲ್ಲಿ ಬಿ.ಎ. ಮುಗಿಸಿದ ಫಜಿಲತುನ್ನೀಸಾ ಢಾಕಾ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಪಡೆದು, ಮುಂದೆ ಇದೇ ಕಾಲೇಜಿಗೆ ಗಣಿತ ಕಲಿಸಲು ಮರಳಿದರು.

ಕಾಲೇಜಿನ ಧ್ಯೇಯವೇನು? ಅದು ಕಾಲಕ್ಕೆ ತಕ್ಕಂತೆ ಬದಲಾಯಿತೇ?

ಬದಲಾಯಿತು. 1849ರಲ್ಲಿ ಹೇಳಿದ ಉದ್ದೇಶ ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿಯನ್ನು ರೂಪಿಸುವುದು. ಬಂಗಾಳಿ ಓದುಬರಹ, ಲೆಕ್ಕ, ಹೊಲಿಗೆ ಕಸೂತಿ, ಪೋಷಕರು ಬಯಸಿದರೆ ಇಂಗ್ಲಿಷ್. ಮನೆಯವರ ಒಪ್ಪಿಗೆ ಪಡೆಯಲು ಬೇರೆ ಮಾತು ಆಗ ನಡೆಯುತ್ತಲೂ ಇರಲಿಲ್ಲ. ಆದರೆ ಓದಿದ ಹುಡುಗಿಯರು ಆ ಉದ್ದೇಶದೊಳಗೆ ನಿಲ್ಲಲಿಲ್ಲ. ಕಾಮಿನಿ ರಾಯ್ 1886ರಲ್ಲಿ ಸಂಸ್ಕೃತ ಆನರ್ಸ್‌ನೊಂದಿಗೆ ಪದವಿ ಪಡೆದು, ಇಲ್ಲೇ ಪಾಠ ಹೇಳಿ, ಕವಿಯಾಗಿ ಬೆಳೆದು, ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದರು. ಅಬಲಾ ಬೋಸ್ ಇಲ್ಲಿಂದ ಮದರಾಸಿಗೆ ವೈದ್ಯಶಾಸ್ತ್ರ ಓದಲು ಹೋದರು. ಮುಂದೆ ‘ನಾರೀ ಶಿಕ್ಷಾ ಸಮಿತಿ’ ಕಟ್ಟಿ ಹಳ್ಳಿಗಳಲ್ಲಿ ಹುಡುಗಿಯರ ಶಾಲೆಗಳನ್ನೂ ವಿಧವೆಯರ ಶಿಕ್ಷಣವನ್ನೂ ನಡೆಸಿದರು. ಸಂಸ್ಥೆಯ ಧ್ಯೇಯವನ್ನು ಆಡಳಿತ ಸಮಿತಿ ಬರೆಯುತ್ತದೆ, ಅದನ್ನು ತಿದ್ದುವವರು ವಿದ್ಯಾರ್ಥಿಗಳು. ಬೆಥೂನ್‌ನಲ್ಲಿ ಆ ತಿದ್ದುಪಡಿ ಪ್ರತಿ ತಲೆಮಾರಿನಲ್ಲೂ ನಡೆಯಿತು. ಇಂದು ಕಾಲೇಜು ಕಲೆ ಮತ್ತು ವಿಜ್ಞಾನ ಎರಡರಲ್ಲೂ ಪದವಿ ಶಿಕ್ಷಣ ಕೊಡುತ್ತದೆ, ಸರ್ಕಾರಿ ಶುಲ್ಕದಲ್ಲಿ. ಬಡ ಮನೆಯ ಹುಡುಗಿಗೆ ಒಳ್ಳೆಯ ಅಧ್ಯಾಪಕರ ಪಾಠ ಕೈಗೆಟುಕುವಂತೆ ಮಾಡುವುದೇ ಈಗಿನ ಧ್ಯೇಯ ಎಂದು ಹೇಳಬಹುದು.

ಸ್ವಾತಂತ್ರ್ಯ ಹೋರಾಟದಲ್ಲಿ ಕಾಲೇಜಿನ ಪಾತ್ರವೇನು?

ಸರ್ಕಾರದ ಹಣದಲ್ಲಿ ನಡೆಯುವ ಕಾಲೇಜಿನಿಂದಲೇ ಸರ್ಕಾರದ ವಿರುದ್ಧ ಎದ್ದ ಹುಡುಗಿಯರು ಬಂದರು. 1930ರ ಆಸುಪಾಸಿನಲ್ಲಿ ಬೀನಾ ದಾಸ್, ಕಲ್ಪನಾ ದತ್ತ, ಪ್ರೀತಿಲತಾ ವಡ್ಡೇದಾರ್ ಮೂವರೂ ಇಲ್ಲಿ ಓದಿದವರು. ಬೀನಾ ದಾಸ್ 1932ರ ಫೆಬ್ರವರಿ 6ರಂದು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲೇ ಬಂಗಾಳದ ಗವರ್ನರ್ ಸ್ಟ್ಯಾನ್ಲಿ ಜ್ಯಾಕ್ಸನ್ ಮೇಲೆ ಗುಂಡು ಹಾರಿಸಿದರು. ಗುರಿ ತಪ್ಪಿತು, ಒಂಬತ್ತು ವರ್ಷಗಳ ಕಠಿಣ ಶಿಕ್ಷೆಯಾಯಿತು. ಬೆಥೂನ್‌ನಲ್ಲಿ ತತ್ವಶಾಸ್ತ್ರ ಓದಿದ ಪ್ರೀತಿಲತಾ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಿತ್ತಗಾಂಗಿನ ಪಹಾಡತಲಿ ಯುರೋಪಿಯನ್ ಕ್ಲಬ್ ಮೇಲಿನ ದಾಳಿಯ ಮುಂದಾಳತ್ವ ವಹಿಸಿ, ಸೆರೆಸಿಕ್ಕದಿರಲು ವಿಷ ಸೇವಿಸಿ ಪ್ರಾಣಬಿಟ್ಟರು. ಆಗ ಅವರಿಗೆ 21 ವರ್ಷ.

ಬ್ರಿಟಿಷ್ ಆಡಳಿತ ಪ್ರೀತಿಲತಾ ಮತ್ತು ಬೀನಾ ಇಬ್ಬರ ಪದವಿಯನ್ನೂ ತಡೆಹಿಡಿಯಿತು. ಸ್ವಾತಂತ್ರ್ಯ ಬಂದ ಮೇಲೂ ಆ ಕಾಗದ ದಶಕಗಳ ಕಾಲ ಹಾಗೆಯೇ ಉಳಿಯಿತು. ಕಲ್ಕತ್ತಾ ವಿಶ್ವವಿದ್ಯಾಲಯ 2012ರಲ್ಲಿ, ಅಂದರೆ 80 ವರ್ಷಗಳ ಬಳಿಕ, ಇಬ್ಬರಿಗೂ ಮರಣೋತ್ತರವಾಗಿ ಪ್ರಮಾಣಪತ್ರ ನೀಡಿತು.

ಕರ್ನಾಟಕಕ್ಕೂ ಈ ಕಾಲೇಜಿಗೂ ಏನಾದರೂ ನಂಟಿದೆಯೇ?

ಇದೆ. ರವೀಂದ್ರನಾಥ ಠಾಕೂರರ ಅಕ್ಕ ಸ್ವರ್ಣಕುಮಾರಿ ದೇವಿಯವರ ಮಗಳು ಸರಳಾದೇವಿ 1890ರಲ್ಲಿ ಬೆಥೂನ್ ಕಾಲೇಜಿನಿಂದ ಬಿ.ಎ. ಪಡೆದು, ಹೆಣ್ಣುಮಕ್ಕಳಲ್ಲಿ ಮೊದಲಿಗರಾದ್ದಕ್ಕೆ ಪದ್ಮಾವತಿ ಸುವರ್ಣ ಪದಕ ಗಳಿಸಿದ್ದರು. ಗಂಡುಮಕ್ಕಳಂತೆ ತಾನೂ ಮನೆಯಿಂದ ಹೊರಗೆ ಹೋಗಿ ದುಡಿದು ತನ್ನ ಕಾಲ ಮೇಲೆ ನಿಲ್ಲಬೇಕೆಂದು ಹಟ ಹಿಡಿದು, ಕೆಲವು ವರ್ಷಗಳ ನಂತರ ಅವರು ಆರಿಸಿಕೊಂಡ ಊರು ಮೈಸೂರು. ಅಂಬಳೆ ನರಸಿಂಹ ಅಯ್ಯಂಗಾರರು 1881ರಲ್ಲಿ ಒಡೆಯರ ಆಶ್ರಯದಲ್ಲಿ ಸ್ಥಾಪಿಸಿದ ಮಹಾರಾಣಿ ಬಾಲಿಕಾ ಪಾಠಶಾಲೆಯಲ್ಲಿ ಅವರು ಅಧ್ಯಾಪಕಿಯಾದರು. ಠಾಕೂರರ ಮನೆತನದ ಹೆಣ್ಣುಮಗಳು ಸಂಬಳಕ್ಕೆ ದುಡಿಯಲು ಸುಮಾರು ಸಾವಿರ ಮೈಲಿ ದೂರ ಹೋದದ್ದು ಬಂಗಾಳದಲ್ಲಿ ದೊಡ್ಡ ಸುದ್ದಿ. ಒಂದು ರಾತ್ರಿ ಅಪರಿಚಿತನೊಬ್ಬ ಅವರ ಮನೆಗೆ ನುಗ್ಗಿದ ಘಟನೆಯಿಂದ ಮನೆಯವರು ಕಳವಳಗೊಂಡರು. ಅವರು ಮೈಸೂರಿನಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಆದರೆ ಬರಿಗೈಯಲ್ಲಿ ಹೋಗಲಿಲ್ಲ. ಮೈಸೂರಿನಲ್ಲಿ ಕೇಳಿ ಕಲಿತ ಹಾಡುಗಳ ಧಾಟಿಗಳನ್ನು ಸೋದರಮಾವ ರವೀಂದ್ರರಿಗೆ ಹಾಡಿ ತೋರಿಸಿದರು, ರವೀಂದ್ರರು ಅವುಗಳಿಗೆ ಬಂಗಾಳಿಯಲ್ಲಿ ಪದ ಕಟ್ಟಿದರು. ಮೈಸೂರಿನ ಮಹಾರಾಣಿ ಶಾಲೆ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆದ ಕಥೆ ಕನ್ನಡಿಗರಿಗೆ ಗೊತ್ತಿರುವುದೇ. ಅಲ್ಲಿಯೂ ಗಾಡಿ ಕಳುಹಿಸಿ, ಮನೆಯವರ ಮನವೊಲಿಸಿ, ಸಂಸ್ಕೃತ ಸಂಗೀತಗಳ ಮಾತಾಡಿ ಹುಡುಗಿಯರನ್ನು ಶಾಲೆಗೆ ತರಬೇಕಾಗಿತ್ತು.

ಇಂದು ಪ್ರವೇಶ ಹೇಗೆ? ಬಂಗಾಳಿ ಬಾರದವರೂ ಓದಬಹುದೇ?

ಪಶ್ಚಿಮ ಬಂಗಾಳದಲ್ಲಿ 2024ರಿಂದ ಪದವಿ ಕಾಲೇಜುಗಳ ಪ್ರವೇಶ ರಾಜ್ಯ ಸರ್ಕಾರದ ಕೇಂದ್ರೀಕೃತ ಆನ್‌ಲೈನ್ ಜಾಲತಾಣದ ಮೂಲಕ ನಡೆಯುತ್ತಿದೆ. ಕಲ್ಕತ್ತಾ ವಿಶ್ವವಿದ್ಯಾಲಯ 2023ರಿಂದ ನಾಲ್ಕು ವರ್ಷದ ಆನರ್ಸ್ ಪಠ್ಯಕ್ರಮವನ್ನು ಜಾರಿಗೆ ತಂದಿದೆ. ಹನ್ನೆರಡನೆಯ ತರಗತಿಯ ಅಂಕಗಳ ಆಧಾರದ ಮೇಲೆ ಪಟ್ಟಿ ತಯಾರಾಗುತ್ತದೆ, ಮೀಸಲಾತಿ ರಾಜ್ಯದ ನಿಯಮದಂತೆ. ಬೇರೆ ರಾಜ್ಯದ ಹುಡುಗಿಯರೂ ಅರ್ಜಿ ಹಾಕಬಹುದು. ವಿಜ್ಞಾನದ ವಿಷಯಗಳಿಗೆ ಬಂಗಾಳಿ ಬಾರದಿರುವುದು ಅಷ್ಟೇನೂ ಅಡ್ಡಿಯಲ್ಲವಾದರೂ, ತರಗತಿಯ ಹೊರಗಿನ ಬದುಕೆಲ್ಲ ಬಂಗಾಳಿಯಲ್ಲೇ ನಡೆಯುತ್ತದೆ.

ಕಾಲೇಜನ್ನು ನೋಡಲು ಹೋಗಬಹುದೇ?

ತರಗತಿ ನಡೆಯುವ ಮಹಿಳಾ ಕಾಲೇಜಾದ್ದರಿಂದ ಮುಂಚಿತವಾಗಿ ಅನುಮತಿ ಪಡೆಯದೆ ಒಳಗೆ ಹೋಗುವುದು ಸರಿಯಲ್ಲ. ಹೊರಗಿನಿಂದ ನೋಡುವವರಿಗೆ ಬಿಧಾನ್ ಸರಣಿಯ ಗೇಟಿನ ಮುಂದೆ ನಿಂತರೆ ಕಂಬಗಳ ಸಾಲಿನ ಹಳೆಯ ಕಟ್ಟಡ ಕಾಣುತ್ತದೆ, ಬೆನ್ನ ಹಿಂದೆ ಹೇದುವಾ ಕೊಳವಿರುತ್ತದೆ. ಬೆಳಗಿನ ಹತ್ತರ ಹೊತ್ತಿಗೆ ಹೋದರೆ, ಒಂದು ಕಾಲಕ್ಕೆ ಮುಚ್ಚಿದ ಗಾಡಿಯಲ್ಲಿ ಹುಡುಗಿಯರನ್ನು ಕರೆತರುತ್ತಿದ್ದ ಅದೇ ಬೀದಿಯಲ್ಲಿ ವಿದ್ಯಾರ್ಥಿನಿಯರು ಬಸ್ಸಿನಿಂದಿಳಿದು, ರಸ್ತೆ ದಾಟಿ, ಗುಂಪುಗುಂಪಾಗಿ ನಡೆದುಕೊಂಡೇ ಒಳಗೆ ಹೋಗುವುದನ್ನು ನೋಡಬಹುದು.